ಶಿಷ್ಯತ್ವದ ಬೆಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರದ ಆರಾಧನೆ ಮುಗಿದು ಚಪ್ಪಲಿ ಮೆಟ್ಟಿಕೊಳ್ಳುವ ಹೊತ್ತಿಗೆ ಒಬ್ಬರು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತಾರೆ. ಇನ್ನೊಬ್ಬರು ನಾಲ್ಕು ಪುಟ ಬರೆದು ಕೊನೆಗೆ ಹೆಸರು ಹಾಕದೆ ಅಂಚೆಗೆ ಹಾಕುತ್ತಾರೆ. ಮೈಸೂರಿನಲ್ಲೂ ಮಂಡ್ಯದ ಹಳ್ಳಿಗಳಲ್ಲೂ ಇಪ್ಪತ್ತು ವರ್ಷಗಳಿಂದ ಬೈಬಲ್ ಅಧ್ಯಯನ ನಡೆಸಿಕೊಂಡು ಬಂದಿದ್ದೇನೆ. ಯೇಸುವಿನ ಶಿಷ್ಯರಾಗಿ ನಡೆಯಲು ಏನು ಬೆಲೆ ತೆರಬೇಕು ಎಂಬ ಬಗ್ಗೆ ಅಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೂಡಿಸಿದ್ದೇನೆ. ನಾನು ಸಭಾಪಾಲಕನಲ್ಲ, ಸಭೆಯ ಹಿರಿಯರಲ್ಲಿ ಒಬ್ಬ. ಬೈಬಲಿನ ವಚನ ಸ್ಪಷ್ಟವಾಗಿರುವ ಕಡೆ ವಚನವನ್ನೇ ಮುಂದಿಟ್ಟಿದ್ದೇನೆ. ಉಳಿದ ಕಡೆ ಇದು ನನ್ನ ಅಭಿಪ್ರಾಯ ಎಂದು ಹೇಳಿಯೇ ಬರೆದಿದ್ದೇನೆ.

## ಮೊದಲು ಕೇಳುವ ಪ್ರಶ್ನೆಗಳು

ರಕ್ಷಣೆ ಉಚಿತ ಎನ್ನುತ್ತೀರಿ. ಹಾಗಾದರೆ ಬೆಲೆಯ ಮಾತು ಎಲ್ಲಿಂದ ಬಂತು?

ಎರಡೂ ನಿಜ. ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಪೌಲನು ರಕ್ಷಣೆ ದೇವರ ವರ, ನಮ್ಮ ಕೆಲಸಕ್ಕೆ ಸಿಕ್ಕ ಕೂಲಿಯಲ್ಲ ಎನ್ನುತ್ತಾನೆ. ಅದೇ ಉಸಿರಿನಲ್ಲಿ, ಸತ್ಕಾರ್ಯಗಳನ್ನು ಮಾಡಲೆಂದೇ ದೇವರು ನಮ್ಮನ್ನು ರೂಪಿಸಿದ್ದಾನೆ ಎಂದೂ ಹೇಳುತ್ತಾನೆ.

ಮಂಡ್ಯದ ಕಡೆಯವರಿಗೆ ನಾನು ನಾಲೆಯ ನೀರಿನ ಮಾತು ಹೇಳುತ್ತೇನೆ. 1930ರ ದಶಕದಲ್ಲಿ ಕನ್ನಂಬಾಡಿಯಿಂದ ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, ಹರಿದು ಬಂದಾಗ ಆ ನೀರನ್ನು ಯಾವ ರೈತನೂ ಹುಟ್ಟಿಸಿರಲಿಲ್ಲ. ಆದರೆ ನೀರು ಬಂದ ಹೊಲದಲ್ಲಿ ಹಳೆಯ ಬೇಸಾಯ ನಡೆಯಲಿಲ್ಲ. ನೆಲವನ್ನು ಮಟ್ಟ ಮಾಡಬೇಕಾಯಿತು, ಬದು ಕಟ್ಟಬೇಕಾಯಿತು, ರಾಗಿ ಬಿತ್ತಿದ ಕೈ ಭತ್ತದ ನಾಟಿ ಕಲಿಯಬೇಕಾಯಿತು. ಅಜ್ಜನ ಕಾಲದ ಲೆಕ್ಕಾಚಾರವೇ ಬದಲಾಯಿತು. ಕೃಪೆ ಬರುವುದೂ ಹೀಗೆಯೇ. ಅದನ್ನು ಯಾರೂ ದುಡಿದು ತರಲಾಗದು. ಅದು ಬಂದ ಮೇಲೆ ನೆಲ ಮೊದಲಿನಂತೆ ಉಳಿಯಲೂ ಆಗದು.

ಶಿಲುಬೆ ಹೊರುವುದು ಎಂದರೆ ಕಷ್ಟ ಸಹಿಸುವುದೇ? ನನ್ನ ಸಕ್ಕರೆ ಕಾಯಿಲೆಯೇ ನನ್ನ ಶಿಲುಬೆಯೇ?

ಕಾಯಿಲೆ ನಂಬಿದವರಿಗೂ ಬರುತ್ತದೆ, ನಂಬದವರಿಗೂ ಬರುತ್ತದೆ. ಅದರಲ್ಲಿ ದೇವರ ಸಹಾಯ ಬೇಡಿ, ಮಾತ್ರೆ ತಪ್ಪಿಸಬೇಡಿ. ಆದರೆ ಯೇಸುಸ್ವಾಮಿ ಹೇಳಿದ ಶಿಲುಬೆ ಬೇರೆ. ರೋಮನ್ನರ ಆಳ್ವಿಕೆಯಲ್ಲಿ ಶಿಲುಬೆಯ ಮರ ಹೊತ್ತು ಬೀದಿಯಲ್ಲಿ ನಡೆಯುವವನನ್ನು ನೋಡಿದವರಿಗೆ, ಆತ ಹಿಂತಿರುಗಿ ಬರುವುದಿಲ್ಲವೆಂದು ಗೊತ್ತಿತ್ತು. ಆ ಮಾತಿಗೆ ಲೂಕನು ತನ್ನ 9ನೇ ಅಧ್ಯಾಯದಲ್ಲಿ ‘ದಿನಾಲೂ’ ಎಂಬ ಪದ ಸೇರಿಸುತ್ತಾನೆ. ಬೇಡವೆಂದರೆ ತಪ್ಪಿಸಿಕೊಳ್ಳಬಹುದಾಗಿದ್ದನ್ನು ಕ್ರಿಸ್ತನಿಗಾಗಿ ಒಪ್ಪಿ ಹೊರುವುದು ಶಿಲುಬೆ. ಸುಳ್ಳು ಸಾಕ್ಷಿ ಹೇಳಿದ್ದರೆ ತಪ್ಪುತ್ತಿದ್ದ ನಷ್ಟ, ಕ್ಷಮಿಸದಿದ್ದರೆ ಉಳಿಯುತ್ತಿದ್ದ ಮರ್ಯಾದೆ, ಇಂಥವು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕುಡಿದು ಬಂದು ಹೊಡೆಯುವ ಗಂಡ ಯಾವ ಹೆಣ್ಣಿಗೂ ಶಿಲುಬೆಯಲ್ಲ. ‘ಸಹಿಸಿಕೋ ಮಗಳೇ, ಇದು ನಿನ್ನ ಶಿಲುಬೆ’ ಎಂದು ವಾಪಸ್ಸು ಕಳಿಸುವ ಹಿರಿಯರು ದೇವರ ಹೆಸರಿನಲ್ಲಿ ಅನ್ಯಾಯ ಮಾಡುತ್ತಿದ್ದಾರೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ, 181 ಮಹಿಳಾ ಸಹಾಯವಾಣಿ ಇದೆ. ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ.

ಎಲ್ಲ ಲೆಕ್ಕ ಹಾಕಿ ಆಮೇಲೆ ಬನ್ನಿ ಎಂದರೆ ಯಾರು ತಾನೇ ಬರುತ್ತಾರೆ?

ಲೂಕ 14ರಲ್ಲಿ ಗೋಪುರ ಕಟ್ಟುವವನ ಸಾಮ್ಯವನ್ನು ಯೇಸುಸ್ವಾಮಿ ಹೇಳಿದ್ದು ದೊಡ್ಡ ಗುಂಪು ಹಿಂದೆ ಬರುತ್ತಿದ್ದಾಗ. ಗುಂಪು ಕಂಡರೆ ನಮಗೆ ಸಂತೋಷವಾಗುತ್ತದೆ. ಅವರು ನಿಂತು, ತಿರುಗಿ, ಕಠಿಣವಾದ ಮಾತನ್ನೇ ಆಡಿದರು. ಮೈಸೂರಿನ ಹೊರವಲಯದ ಬಡಾವಣೆಗಳಲ್ಲಿ ಅಡಿಪಾಯ, ನಾಲ್ಕು ಕಂಬ, ತುಕ್ಕು ಹಿಡಿದ ಕಂಬಿ, ಒಳಗೆ ಬೆಳೆದ ಎಕ್ಕದ ಗಿಡ ಕಂಡಾಗಲೆಲ್ಲ ನನಗೆ ಆ ಅಧ್ಯಾಯ ನೆನಪಾಗುತ್ತದೆ. ಆ ಮನೆ ಶುರು ಮಾಡಿದವರ ಕಣ್ಣೀರೂ ನೆನಪಾಗುತ್ತದೆ.

ಆದರೆ ಲೆಕ್ಕ ಹಾಕುವುದು ಎಂದರೆ ಮುಂದೆ ಬರುವ ಒಂದೊಂದು ಕಷ್ಟವನ್ನೂ ಮೊದಲೇ ಎಣಿಸುವುದಲ್ಲ. ಬಲೆ ಬಿಟ್ಟು ಹೊರಟ ದಿನ ಪೇತ್ರನಿಗೆ ಏನು ಗೊತ್ತಿತ್ತು? ಈ ಬದುಕು ಇನ್ನು ಮುಂದೆ ಯಾರದು ಎಂಬ ಒಂದೇ ಪ್ರಶ್ನೆಗೆ ಕಣ್ಣು ತೆರೆದು ಉತ್ತರ ಕೊಡುವುದೇ ಲೆಕ್ಕ. ಆ ಉತ್ತರ ಕೊಡಲು ಒಂದು ವರ್ಷ ಬೇಕೆನ್ನುವವರನ್ನು ನಾನು ಗೌರವಿಸುತ್ತೇನೆ.

## ಮನೆ, ಊರು, ಹಬ್ಬ

ತಂದೆ ತಾಯಿಯನ್ನು ದ್ವೇಷಿಸು ಎಂದು ನಿಮ್ಮ ಯೇಸು ಹೇಳಿದ್ದಾನಂತೆ, ನಿಜವೇ? ನಮ್ಮ ಅಪ್ಪ ಇದನ್ನೇ ಎತ್ತಿ ಆಡುತ್ತಾರೆ.

ಆ ಮಾತು ಲೂಕ 14:26ರಲ್ಲಿ ಇರುವುದು ನಿಜ. ಅಪ್ಪನಿಗೆ ಸುಳ್ಳು ಹೇಳಬೇಡಿ. ಎರಡನ್ನು ತೂಗಿ ಒಂದನ್ನು ಮುಂದಿಟ್ಟಾಗ ಹಿಂದೆ ಬಿದ್ದದ್ದನ್ನು ‘ದ್ವೇಷಿಸಿದ’ ಎನ್ನುವುದು ಯೇಸುವಿನ ಕಾಲದ ಯೆಹೂದ್ಯರ ಮಾತಿನ ರೂಢಿ. ಮತ್ತಾಯ 10:37ರಲ್ಲಿ ಅದೇ ಮಾತು ‘ನನಗಿಂತ ಹೆಚ್ಚಾಗಿ ಪ್ರೀತಿಸುವವನು’ ಎಂದು ಬರುತ್ತದೆ. ದೇವರಿಗೆ ಮುಡಿಪು, ಅಂದರೆ ಕೊರ್ಬಾನ್, ಎಂದು ಹೇಳಿ ತಂದೆ ತಾಯಿಗೆ ಸಲ್ಲಬೇಕಾದುದನ್ನು ತಪ್ಪಿಸುತ್ತಿದ್ದವರನ್ನು ಯೇಸುಸ್ವಾಮಿ ಗದರಿದ್ದು ಮಾರ್ಕ 7ರಲ್ಲಿದೆ. ಶಿಲುಬೆಯ ಮೇಲೆ ಪ್ರಾಣ ಹೋಗುತ್ತಿದ್ದಾಗಲೂ ತಾಯಿಗೆ ಒಂದು ಆಸರೆ ಮಾಡಿಕೊಟ್ಟರು.

ಅಪ್ಪನ ಔಷಧದ ಖರ್ಚು ನಿಲ್ಲಿಸಿ ಸಭೆಗೆ ಕಾಣಿಕೆ ಹಾಕುವವನು ಶಿಷ್ಯತ್ವದ ಬೆಲೆ ತೆರುತ್ತಿಲ್ಲ. ಅದನ್ನು ಅಪ್ಪನ ಕೈಯಲ್ಲಿ ತೆರಿಸುತ್ತಿದ್ದಾನೆ.

ಹಿರಿಯರ ಹಬ್ಬಕ್ಕೆ ಮನೆಯಲ್ಲಿ ಎಡೆ ಇಡುತ್ತಾರೆ. ನಾನು ಆ ದಿನ ಊಟಕ್ಕೆ ಕೂರಬಹುದೇ?

ಈ ಪ್ರಶ್ನೆ ನನ್ನ ಬಳಿಗೆ ಬಂದಷ್ಟು ಸಲ ಬೇರೆ ಯಾವುದೂ ಬಂದಿಲ್ಲ. ಅದಕ್ಕೇ ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ.

ಪಾಂಡವಪುರದ ಕಡೆಯ ಒಬ್ಬ ಹುಡುಗ ವಿಶ್ವಾಸಕ್ಕೆ ಬಂದ ಮೊದಲ ವರ್ಷ, ಮಹಾಲಯ ಅಮಾವಾಸ್ಯೆಯ ದಿನ ಮನೆಯಲ್ಲಿ ಎಡೆ ಇಟ್ಟಿದ್ದರು. ಗೋಡೆಗೆ ಅಪ್ಪನ ಫೋಟೊ, ಎದುರಿಗೆ ಬಾಳೆಯೆಲೆ. ಅದರ ಮೇಲೆ ಕಜ್ಜಾಯ, ಮುದ್ದೆ, ಬಾಡಿನ ಸಾರು, ಪಕ್ಕದಲ್ಲಿ ಮಡಿಚಿಟ್ಟ ಹೊಸ ಪಂಚೆ, ಅಪ್ಪ ಸೇದುತ್ತಿದ್ದ ಬೀಡಿಯ ಕಟ್ಟು. ತಾಯಿ ‘ಬಾರೋ, ಕೈಮುಗಿ’ ಎಂದರು. ಅವನು ‘ಇದೆಲ್ಲ ದೆವ್ವದ ಕೆಲಸ’ ಎಂದುಬಿಟ್ಟ. ಆ ತಾಯಿ ಎರಡು ದಿನ ಅನ್ನ ಮುಟ್ಟಲಿಲ್ಲ. ಮಗ ಸುಳ್ಳು ದೇವರನ್ನು ಬಿಟ್ಟ ಎಂಬುದು ಅವರಿಗೆ ಕಾಣಲಿಲ್ಲ. ಸತ್ತ ಅಪ್ಪನಿಗೆ ಮಗ ಒಂದು ತುತ್ತು ಕೊಡಲೊಪ್ಪಲಿಲ್ಲ ಎಂಬುದಷ್ಟೇ ಕಂಡಿತು.

ಮರುವರ್ಷ ಹಬ್ಬಕ್ಕೆ ನಾಲ್ಕು ದಿನ ಮೊದಲೇ ಅವನು ಊರಿಗೆ ಹೋದ. ಮನೆಗೆ ಸುಣ್ಣ ಬಳಿದ, ಬೆಳ್ಳುಳ್ಳಿ ಬಿಡಿಸಿದ, ನೆಂಟರಿಗೆ ನೀರು ತುಂಬಿಸಿಟ್ಟ. ಹಿಂದಿನ ರಾತ್ರಿ ತಾಯಿಯ ಪಕ್ಕ ಕೂತು, ‘ಅಮ್ಮ, ನಾನು ಕೈಮುಗಿಯಲಾರೆ. ಅಪ್ಪನನ್ನು ಮರೆತದ್ದಕ್ಕಲ್ಲ. ಉಳಿದ ಕೆಲಸವೆಲ್ಲ ನಾನು ಮಾಡುತ್ತೇನೆ, ನೀನು ಕೂತಿರು’ ಎಂದ. ತಾಯಿ ಒಪ್ಪಲಿಲ್ಲ. ಆದರೆ ಆ ರಾತ್ರಿ ಊಟ ಮಾಡಿದರು.

ವಚನ ಏನು ಹೇಳುತ್ತದೆ? 1 ಕೊರಿಂಥದ 8ರಿಂದ 10ನೇ ಅಧ್ಯಾಯಗಳನ್ನು ಒಂದೇ ಸಲ ಕೂತು ಓದಿ. ಆರಾಧನೆಯಲ್ಲಿ ಪಾಲುಗೊಳ್ಳಬೇಡಿ ಎಂಬುದು ಅಲ್ಲಿ ಖಂಡಿತವಾಗಿದೆ. ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ವಿಚಾರಿಸದೆ ಉಣ್ಣಿ ಎಂಬುದೂ ಇದೆ. ಇದು ಅರ್ಪಿಸಿದ್ದು ಎಂದು ಯಾರಾದರೂ ಎತ್ತಿ ಹೇಳಿದರೆ, ಹೇಳಿದವನ ಮನಸ್ಸಾಕ್ಷಿಗಾಗಿ ಬಿಡಿ ಎಂಬುದೂ ಇದೆ. ಹಾಗಾಗಿ ನನ್ನ ಅಭಿಪ್ರಾಯ: ಎಡೆಯ ಮುಂದೆ ಕೈಮುಗಿಯಬೇಡಿ, ಎಡೆಯಿಂದ ತೆಗೆದದ್ದನ್ನು ಪ್ರಸಾದವೆಂದು ಕೊಟ್ಟರೆ ವಿನಯದಿಂದ ಬೇಡವೆನ್ನಿ, ಒಲೆಯ ಮೇಲಿನ ಪಾತ್ರೆಯಿಂದ ಬಡಿಸಿದರೆ ಮನೆಯವರ ಸಾಲಿನಲ್ಲಿ ಕೂತು ಉಣ್ಣಿ. ಕೆಲವು ಸಭೆಗಳು ಇದನ್ನೂ ಒಪ್ಪುವುದಿಲ್ಲ. ಅವರೊಡನೆ ಜಗಳಕ್ಕೆ ಹೋಗಬೇಡಿ.

ಹೊಸದಾಗಿ ನಂಬಿಕೆಗೆ ಬಂದ ಅರಾಮ್ಯರ ಸೇನಾಪತಿ ನಾಮಾನನ ಕಥೆ 2 ಅರಸುಗಳು 5ರಲ್ಲಿದೆ. ಅರಸ ನನ್ನ ಕೈ ಹಿಡಿದು ರಿಮ್ಮೋನನ ಗುಡಿಯಲ್ಲಿ ಬಾಗುವಾಗ ನಾನೂ ಬಾಗಬೇಕಾಗುತ್ತದೆ, ಅದನ್ನು ಕರ್ತನು ಕ್ಷಮಿಸಲಿ ಎಂದು ಅವನು ಮೊದಲೇ ಕೇಳಿಕೊಂಡ. ಪ್ರವಾದಿ ಎಲೀಷನು ಅವನನ್ನು ಗದರಲಿಲ್ಲ, ಸಮಾಧಾನದಿಂದ ಹೋಗು ಎಂದ. ಹೊಸದಾಗಿ ಬಂದವರನ್ನು ಪೀಡಿಸುವ ಮೊದಲು ನಾವು ಹಳಬರು ಇದನ್ನು ಓದಬೇಕು.

ಮಾರಿಹಬ್ಬದ ವರಿ ಕೊಡದಿದ್ದರೆ ಊರಿನವರು ಮಾತು ಬಿಡುತ್ತಾರೆ. ಏನು ಮಾಡಲಿ?

ಯಜಮಾನರ ಮನೆಗೆ ನೀವೇ ಮೊದಲು ಹೋಗಿ. ಪೂಜೆಗೆ ಕೊಡಲಾರೆ, ಊರಿನ ಬೇರೆ ಒಂದು ಕೆಲಸಕ್ಕೆ ಅಷ್ಟೇ ಹಣ, ಬೇಕಾದರೆ ಇನ್ನೂ ಹೆಚ್ಚು, ಕೊಡುತ್ತೇನೆ ಎನ್ನಿ. ಶಾಲೆಯ ಕಾಂಪೌಂಡು, ಕುಡಿಯುವ ನೀರಿನ ಮೋಟಾರು, ಯಾವುದಾದರೂ ಆಗಲಿ. ಒಪ್ಪುತ್ತಾರೆಂಬ ಖಾತ್ರಿಯಿಲ್ಲ. ಆದರೆ ದುಡ್ಡು ಉಳಿಸಲು ಧರ್ಮ ಬದಲಿಸಿದ ಎಂಬ ಮಾತಿಗಾದರೂ ಎಡೆ ಸಿಗುವುದಿಲ್ಲ. ಕಾರ್ಖಾನೆಯಲ್ಲಿ ಆಯುಧಪೂಜೆಯ ದಿನ ಏನು ಮಾಡಬೇಕೆಂದು ಕೇಳುವವರಿಗೂ ಇದೇ ದಾರಿ: ಯಂತ್ರ ತೊಳೆಯುವ ಕೆಲಸಕ್ಕೆ ಎಲ್ಲರಿಗಿಂತ ಮುಂದೆ ನಿಲ್ಲಿ, ಮಂಗಳಾರತಿಯ ಹೊತ್ತಿಗೆ ಸದ್ದಿಲ್ಲದೆ ಹಿಂದೆ ನಿಲ್ಲಿ.

ದೀಕ್ಷಾಸ್ನಾನ ತೆಗೆದುಕೊಂಡರೆ ಬಳೆ, ಹೂವು, ಕುಂಕುಮ ಬಿಡಲೇಬೇಕೇ? ನಮ್ಮ ಪಾಸ್ಟರ್ ಬಿಡಬೇಕೆನ್ನುತ್ತಾರೆ.

ಬಳೆ ತೆಗೆಯಿರಿ, ಮಲ್ಲಿಗೆ ಮುಡಿಯಬೇಡಿ ಎಂದು ಬೈಬಲಿನಲ್ಲಿ ಎಲ್ಲಿಯೂ ಇಲ್ಲ. 1 ಪೇತ್ರ 3ರಲ್ಲಿ ಹೇಳಿರುವುದು, ಹೊರಗಿನ ಒಡವೆಯೇ ನಿಮ್ಮ ಅಲಂಕಾರವಾಗದಿರಲಿ, ಒಳಗಿನ ಶಾಂತ ಮನಸ್ಸು ಅಲಂಕಾರವಾಗಲಿ ಎಂದು. ಮೈಸೂರಿನ ಹಳೆಯ ಸಭೆಗಳಲ್ಲಿ ತಾಳಿ ಕಟ್ಟಿ, ಮಲ್ಲಿಗೆ ಮುಡಿದು ಕರ್ತನ ಭೋಜನಕ್ಕೆ ಬರುವ ತಾಯಂದಿರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ.

ನಮ್ಮ ಸೀಮೆಯಲ್ಲಿ ಬರಿಗೈ, ಬರಿಹಣೆ ಎಂದರೆ ಏನರ್ಥ ಎಂದು ಯೋಚಿಸಿ. ಗಂಡ ಬದುಕಿರುವಾಗ ಬಳೆ ತೆಗೆದು ಬಂದ ಸೊಸೆಯನ್ನು ಕಂಡ ಅತ್ತೆಗೆ ಎದೆ ಒಡೆಯುತ್ತದೆ. ಆಮೇಲೆ ಆ ಮನೆಯಲ್ಲಿ ಯೇಸುವಿನ ಹೆಸರು ಎತ್ತಲು ಹತ್ತು ವರ್ಷ ಬೇಕು. ಕುಂಕುಮದ ಮಾತು ಸ್ವಲ್ಪ ಬೇರೆ. ಗುಡಿಯ ಪ್ರಸಾದವೆಂದು ಕೊಟ್ಟದ್ದನ್ನು ಬೇಡವೆನ್ನಬಹುದು. ಮನೆಯಲ್ಲಿ ಹಣೆಗೆ ಇಡುವ ಬೊಟ್ಟು ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು, ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ ಇಂಥದ್ದಕ್ಕೇ ಇದೆ. ಸಭೆ ತಾನಾಗಿ ಹೇರಿದ ಬೆಲೆಯನ್ನು ಕ್ರಿಸ್ತನ ಲೆಕ್ಕಕ್ಕೆ ಬರೆಯುವುದು ನನಗೆ ಬಹಳ ನೋವು ಕೊಡುವ ಸಂಗತಿ.

ನನಗೆ 19 ವರ್ಷ. ಮನೆಯವರಿಗೆ ತಿಳಿಸದೆ ದೀಕ್ಷಾಸ್ನಾನ ತೆಗೆದುಕೊಳ್ಳಬಹುದೇ?

ಕಾನೂನಿನ ಮಾತು ಬಿಡಿ, ವಯಸ್ಸಿಗೆ ಬಂದಿದ್ದೀರಿ. ಆದರೆ ಮಗಳೇ, ಅವಸರ ಬೇಡ. ಅರಿಮಥಾಯದ ಯೋಸೇಫನು ಬಹಳ ಕಾಲ ಗುಟ್ಟಾಗಿ ಶಿಷ್ಯನಾಗಿದ್ದ, ನಿಕೊದೇಮನು ಮೊದಲ ಸಲ ಬಂದದ್ದು ರಾತ್ರಿಯಲ್ಲಿ. ಯೋಹಾನನು ಅವರ ಹೆಸರನ್ನು ಗೌರವದಿಂದಲೇ ಬರೆದಿಟ್ಟಿದ್ದಾನೆ. ಆದರೆ ಇಬ್ಬರೂ ಗುಟ್ಟಿನಲ್ಲೇ ಉಳಿಯಲಿಲ್ಲ. ಎಲ್ಲರೂ ಓಡಿಹೋದ ದಿನ ಹೊರಗೆ ಬಂದು ಯೇಸುವಿನ ದೇಹವನ್ನು ಮಣ್ಣು ಮಾಡಿದರು.

ಹಲವು ವರ್ಷಗಳ ಹಿಂದೆ ಹೀಗೇ ಕೇಳಿದ ಒಬ್ಬ ಹುಡುಗನಿಗೆ ನಾನು ‘ಇಂದೇ ಆಗಲಿ’ ಎಂದಿದ್ದೆ. ಮೂರೇ ದಿನಕ್ಕೆ ಮನೆಯವರು ಬಾಗಿಲು ಹಾಕಿಕೊಂಡರು. ಅವನಿಗೆ ಮಲಗಲು ಜಾಗ ನಾವು ನೋಡಿಟ್ಟಿರಲಿಲ್ಲ. ಎರಡು ವಾರ ಬಸ್ ನಿಲ್ದಾಣದಲ್ಲೂ ಗೆಳೆಯರ ಕೋಣೆಯಲ್ಲೂ ಕಳೆದು ವಾಪಸ್ಸು ಹೋದ, ಮತ್ತೆ ಸಭೆಯ ಕಡೆ ಬರಲಿಲ್ಲ. ಅವನು ಬೆಲೆ ತೆರಲಾರದೆ ಹೋದ ಎಂದು ಕೆಲವರು ಹೇಳಿದರು. ತಪ್ಪು ನನ್ನದು, ಇಂದಿಗೂ ಆ ಹುಡುಗನಿಗಾಗಿ ಪ್ರಾರ್ಥಿಸುತ್ತೇನೆ.

ಓದು ಮುಗಿಸಿ. ಮನೆಯಲ್ಲಿ ಮೊದಲಿಗಿಂತ ಒಳ್ಳೆಯ ಮಗಳಾಗಿ ಇರಿ. ಕೇಳಿದರೆ ಸುಳ್ಳು ಹೇಳಬೇಡಿ.

## ದುಡ್ಡು, ಕಸುಬು, ಕಾನೂನು

ಆಲೆಮನೆ ನಡೆಸುತ್ತೇನೆ. ಹೈಡ್ರೋಸ್, ಅಂದರೆ ಬಣ್ಣ ತಿಳಿಯಾಗಿಸುವ ರಾಸಾಯನಿಕ ಪುಡಿ, ಹಾಕದಿದ್ದರೆ ಬೆಲ್ಲ ಕಪ್ಪಾಗುತ್ತದೆ, ಮಂಡಿಯಲ್ಲಿ ಕೇಳುವವರಿಲ್ಲ. ಇದಕ್ಕೂ ಯೇಸುವಿಗೂ ಏನು ಸಂಬಂಧ?

ಪ್ರಾರ್ಥನೆಗಿಂತ ಇದಕ್ಕೇ ಹೆಚ್ಚು ಸಂಬಂಧ ಎಂದರೆ ಬೇಸರ ಮಾಡಿಕೊಳ್ಳಬೇಡಿ. ಸ್ನಾನಿಕನಾದ ಯೋಹಾನನ ಬಳಿಗೆ ಬಂದು ‘ನಾವೇನು ಮಾಡಬೇಕು’ ಎಂದು ಕೇಳಿದ ಸುಂಕದವರಿಗೆ ಅವನು ಉಪವಾಸ ಮಾಡಿ ಎನ್ನಲಿಲ್ಲ, ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಎಂದ. ಸುಂಕದವನಾದ ಜಕ್ಕಾಯನ ಮನೆಗೆ ರಕ್ಷಣೆ ಬಂದ ದಿನ ಅವನ ಬಾಯಲ್ಲಿ ಬಂದದ್ದು ಲೆಕ್ಕದ ಮಾತೇ: ಅರ್ಧ ಆಸ್ತಿ ಬಡವರಿಗೆ, ಅನ್ಯಾಯವಾಗಿ ತೆಗೆದುಕೊಂಡಿದ್ದಕ್ಕೆ ನಾಲ್ಕರಷ್ಟು ವಾಪಸ್ಸು.

ಮಂಡ್ಯ ತಾಲ್ಲೂಕಿನ ಒಂದು ಆಲೆಮನೆಯಲ್ಲಿ ಒಂದು ಬೆಳಗಿನ ಜಾವ ನಾನು ಕೂತಿದ್ದೆ. ಕಬ್ಬಿನ ಸಿಪ್ಪೆಯ ಉರಿ, ಕೊಪ್ಪರಿಗೆಯಲ್ಲಿ ಕೊತಕೊತ ಕುದಿಯುವ ಹಾಲು, ಮೇಲೆ ತೇಲುವ ಮಡ್ಡಿಯನ್ನು ಜಾಲರಿಯಲ್ಲಿ ತೆಗೆಯುತ್ತಿದ್ದ ಆಳು. ಮಾಲೀಕರು ಗೂಡಿನಿಂದ ಬಿಳಿ ಪುಡಿಯ ಪೊಟ್ಟಣ ತೆಗೆದು, ನನಗೆ ತೋರಿಸಲೆಂದೇ ಒಂದು ಚಮಚ ಲೋಟದ ಪಾಕಕ್ಕೆ ಹಾಕಿದರು. ಕಂದು ಬಣ್ಣ ನೋಡನೋಡುತ್ತಲೇ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿತು. ಬಳಿಕ ಆ ಪೊಟ್ಟಣವನ್ನು ಒಲೆಗೆ ಹಾಕದೆ ದೂರದ ಗುಂಡಿಯಲ್ಲಿ ಹೂತು ಬಂದರು. ಬೆಂಡೆಗಿಡದ ಲೋಳೆ, ಚಿಟಿಕೆ ಸುಣ್ಣ ಇಷ್ಟರಲ್ಲೇ ಬೆಲ್ಲ ಮಾಡತೊಡಗಿದರು. ಅಚ್ಚು ಕಪ್ಪಗೆ ಬಂತು, ಮಂಡಿಯಲ್ಲಿ ದರ ಇಳಿಯಿತು. ಎರಡನೆಯ ವರ್ಷ ಒಂದು ಜೊತೆ ಎತ್ತು ಮಾರಿದರು. ಈಗ ಮೈಸೂರಿನಿಂದ ಕೆಲವರು ಹುಡುಕಿಕೊಂಡು ಬಂದು ಆ ಕಪ್ಪು ಬೆಲ್ಲ ಒಯ್ಯುತ್ತಾರೆ. ಆದರೆ ಹೋದ ಎತ್ತು ಬಂದಿಲ್ಲ. ನಿಮಗೂ ಗಿರಾಕಿ ಸಿಗುತ್ತಾರೆಂದು ನಾನು ಭರವಸೆ ಕೊಡಲಾರೆ.

ದಶಮಾಂಶ ಕೊಟ್ಟರೆ ನೂರರಷ್ಟು ವಾಪಸ್ಸು ಬರುತ್ತದೆಯಂತೆ. ಸಂಘದ ಸಾಲದಲ್ಲೇ ಸ್ವಲ್ಪ ಕೊಡಲೇ?

ಬೇಡ. ಸಾಲದ ಹಣ ನಿಮ್ಮದಲ್ಲ, ಅದನ್ನು ದೇವರಿಗೆ ಕೊಡುವ ಅಧಿಕಾರ ನಿಮಗಿಲ್ಲ. ನೂರರಷ್ಟು ಎಂಬ ಮಾತು ಮಾರ್ಕ 10:30ರಲ್ಲಿ ಇದೆ. ಆದರೆ ಆ ಸಾಲಿನಲ್ಲೇ ‘ಹಿಂಸೆಗಳ ಸಹಿತವಾಗಿ’ ಎಂದೂ ಇದೆ, ಅದನ್ನು ವೇದಿಕೆಯ ಮೇಲೆ ಯಾರೂ ಓದುವುದಿಲ್ಲ. ಒಂದು ಕೂಟದಲ್ಲಿ ಕೂಲಿ ಮಾಡುವ ಹೆಂಗಸೊಬ್ಬರು ಕಿವಿಯ ಓಲೆ ಬಿಚ್ಚಿ ಕಾಣಿಕೆಯ ಚೀಲಕ್ಕೆ ಹಾಕಿದ್ದನ್ನು ಎರಡೇ ಮಾರು ದೂರದಿಂದ ನೋಡಿದೆ. ಮಗನಿಗೆ ಕೆಲಸ ಸಿಗುತ್ತದೆ ಎಂದು ಅವರಿಗೆ ಹೇಳಿದ್ದರು. ನಾನು ಎದ್ದು ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಎರಡು ಕಾಸು ಹಾಕಿದ ಬಡ ವಿಧವೆಯ ಕಥೆಯನ್ನು ಹೇಳಿ ಹಣ ಕೇಳುವವರು, ಅದಕ್ಕೆ ಮೊದಲಿನ ಮಾತನ್ನೂ ಓದಬೇಕು: ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಕುರಿತು ಎಚ್ಚರವಾಗಿರಿ ಎಂದು ಯೇಸುಸ್ವಾಮಿ ಆಗತಾನೇ ಹೇಳಿದ್ದರು.

ಮತಾಂತರವಾದರೆ ಎಸ್‌ಸಿ ಪ್ರಮಾಣಪತ್ರ ಹೋಗುತ್ತದೆಯೇ? ಆಸ್ತಿಯ ಹಕ್ಕು?

ಇದು ಬಡವರು ತೆರುವ ಬಹುದೊಡ್ಡ ಬೆಲೆ. 1950ರ ಪರಿಶಿಷ್ಟ ಜಾತಿಗಳ ಆದೇಶದ 3ನೇ ಪ್ಯಾರಾ ಪ್ರಕಾರ ಹಿಂದೂಗಳಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ ಮಾತ್ರ ಆ ಸ್ಥಾನವಿದೆ. ಕ್ರೈಸ್ತರಾದವರಿಗೆ ಇಲ್ಲ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಸೇರಿಸಿದ್ದಾರೆ. ಪರಿಶಿಷ್ಟ ಪಂಗಡಕ್ಕೆ ಈ ಧರ್ಮದ ಷರತ್ತು ಇಲ್ಲ.

ಆಸ್ತಿಯ ವಿಷಯದಲ್ಲಿ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮತ ಬದಲಿಸಿದ ಮಗ ಅಥವಾ ಮಗಳ ಹಕ್ಕನ್ನು ಕಿತ್ತುಕೊಳ್ಳುವುದಿಲ್ಲ. ಆದರೆ 26ನೇ ಕಲಮಿನ ಪ್ರಕಾರ, ಮತ ಬದಲಿಸಿದ ಮೇಲೆ ಹುಟ್ಟಿದ ಮಕ್ಕಳು ಹಿಂದೂ ಬಂಧುಗಳ ಆಸ್ತಿಗೆ ವಾರಸುದಾರರಾಗುವುದಿಲ್ಲ, ಉತ್ತರಾಧಿಕಾರದ ಹೊತ್ತಿಗೆ ಅವರು ಹಿಂದೂಗಳಾಗಿದ್ದರೆ ಮಾತು ಬೇರೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಸಂಗಾತಿಯ ಮತಾಂತರ ವಿಚ್ಛೇದನಕ್ಕೆ ಕಾರಣವಾಗಬಹುದು. ಮತಾಂತರಕ್ಕೆ 30 ದಿನ ಮೊದಲು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಾಯ್ದೆ ರಾಜ್ಯದಲ್ಲಿ 2022ರಲ್ಲಿ ಬಂತು, ಅದನ್ನು ರದ್ದು ಮಾಡಲು ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು. ದೀಕ್ಷಾಸ್ನಾನದ ದಿನ ಗೊತ್ತು ಮಾಡುವ ಮೊದಲು, ಆಗ ಜಾರಿಯಲ್ಲಿರುವ ನಿಯಮವನ್ನು ವಕೀಲರಿಂದ ತಿಳಿದುಕೊಳ್ಳಿ.

ಹಾಗಾದರೆ ದಾಖಲೆಯಲ್ಲಿ ಹಿಂದೂ ಎಂದೇ ಇರಲಿ, ಭಾನುವಾರ ಸಭೆಗೆ ಬರುತ್ತೇನೆ. ತಪ್ಪೇ?

ಮೂರು ತಲೆಮಾರು ಕ್ರೈಸ್ತ ಮನೆಯಲ್ಲಿ, ಶಾಲೆ ಕಟ್ಟಡ ಎಲ್ಲ ಇರುವ ಸಭೆಯಲ್ಲಿ ಹುಟ್ಟಿದವನು ಕೂಲಿಕಾರನ ಮಗಳಿಗೆ ‘ಹಾಸ್ಟೆಲ್ ಸೀಟು ಬಿಟ್ಟುಬಿಡು’ ಎಂದು ಉಪದೇಶ ಮಾಡುವುದು ನನ್ನಿಂದಾಗದು. ಜಾತಿಯ ಗಾಯ ದೀಕ್ಷಾಸ್ನಾನದ ನೀರಿನಿಂದ ಮಾಯುವುದಿಲ್ಲವೆಂದು ಕೇರಿಯಲ್ಲಿ ಬದುಕುವವರಿಗೆ ಗೊತ್ತು. ಈ ನಿಯಮ ಅನ್ಯಾಯವೆಂಬುದು ನನ್ನ ದೃಢ ಅಭಿಪ್ರಾಯ. ಆದರೂ ದೇವರ ಮುಂದೆ ಒಂದು, ಅಧಿಕಾರಿಯ ಮುಂದೆ ಇನ್ನೊಂದು ಎಂದು ಬಹಳ ದಿನ ನಡೆದರೆ ಒಳಗೆ ಏನೋ ಸವೆಯುತ್ತದೆ. ಅದನ್ನು ಹೇಳಿಕೊಂಡು ಅತ್ತವರನ್ನು ನೋಡಿದ್ದೇನೆ. ಸತ್ಯ ಹೇಳುವ ದಿನ ಬಂದಾಗ ಆ ಮಗಳ ಓದಿನ ಖರ್ಚನ್ನು ಸಭೆ ಹೊರಬೇಕು. ಹೊರಲು ತಯಾರಿಲ್ಲದ ಸಭೆ ಅವಳಿಗೆ ಸತ್ಯ ಬೋಧಿಸಬಾರದು.

## ಇನ್ನೂ ಆಳದ ಪ್ರಶ್ನೆಗಳು

‘ಅಗ್ಗದ ಕೃಪೆ’ ಎಂದು ಪ್ರಸಂಗಗಳಲ್ಲಿ ಕೇಳುತ್ತೇವೆ. ಏನದು?

ಜರ್ಮನಿಯ ಪಾದ್ರಿ ಡೀಟ್ರಿಚ್ ಬೊನ್ಹೋಫರ್ 1937ರಲ್ಲಿ ಬಳಸಿದ ಮಾತು. ಪಶ್ಚಾತ್ತಾಪವಿಲ್ಲದ ಕ್ಷಮೆ, ಶಿಲುಬೆಯಿಲ್ಲದ ನಂಬಿಕೆ ಎಂಬ ಅರ್ಥದಲ್ಲಿ ಹೇಳಿದರು. 1939ರಲ್ಲಿ ಅವರು ಅಮೆರಿಕದಲ್ಲಿ ಸುರಕ್ಷಿತವಾಗಿದ್ದರು, ಕೆಲವೇ ವಾರಗಳಲ್ಲಿ ತಮ್ಮ ಜನರ ನಡುವೆ ಇರಬೇಕೆಂದು ಹಿಂತಿರುಗಿದರು. 1945ರ ಏಪ್ರಿಲ್ 9ರಂದು ನಾಜಿಗಳು ಅವರನ್ನು ಗಲ್ಲಿಗೇರಿಸಿದರು, ಆಗ ಅವರಿಗೆ 39 ವರ್ಷ.

ನಮ್ಮ ಕಡೆ ನಂಬಿಕೆಗಾಗಿ ಬೆಲೆ ತೆತ್ತವರು ಇದ್ದಾರೆಯೇ, ಎಲ್ಲ ಹೊರದೇಶದ ಕಥೆಗಳೇ?

ಶ್ರೀರಂಗಪಟ್ಟಣದ ಕೋಟೆಗೆ ಪ್ರವಾಸ ಹೋಗುವವರಲ್ಲಿ ಎಷ್ಟೋ ಜನರಿಗೆ ಇದು ಗೊತ್ತಿಲ್ಲ. 1784ರಲ್ಲಿ, ಬ್ರಿಟಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾ ಕರಾವಳಿಯ ಸಾವಿರಾರು ಕಥೋಲಿಕರನ್ನು ಘಟ್ಟ ಹತ್ತಿಸಿ ಅಲ್ಲಿಗೆ ತಂದರು. ನಿಖರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ದಾರಿಯಲ್ಲಿ ಸತ್ತವರು, ಸೆರೆಯಲ್ಲಿ ಸತ್ತವರು, ಬಲವಂತಕ್ಕೆ ಮಣಿದವರು, 1799ರಲ್ಲಿ ಕೋಟೆ ಬಿದ್ದ ಮೇಲೆ ನಡೆದುಕೊಂಡು ಊರಿಗೆ ಹಿಂತಿರುಗಿದವರು ಎಲ್ಲರೂ ಇದ್ದರು. ಈ ಕಥೆಯನ್ನು ಇಂದಿನ ಮುಸ್ಲಿಂ ನೆರೆಯವರ ಮೇಲೆ ಹಗೆ ಬೆಳೆಸಲು ಬಳಸುವವರಿಗೆ ನಾನು ಇದನ್ನು ಹೇಳುವುದೇ ಇಲ್ಲ. ಮಣಿದವರನ್ನು ಹೇಡಿಗಳೆನ್ನುವವರಿಗೂ ಹೇಳುವುದಿಲ್ಲ.

ಸೋತು ನಿಂತ ಆ ಜನರನ್ನು ಮತ್ತೆ ಕೂಡಿಸಲು ಬಂದವರು ಫ್ರಾನ್ಸಿನ ಪಾದ್ರಿ ಅಬ್ಬೆ ದುಬಾಯ್. ನಮ್ಮ ಉಡುಗೆ ತೊಟ್ಟು, ನಮ್ಮ ಊಟ ಉಂಡು, ಸಿಡುಬಿಗೆ ಲಸಿಕೆ ಹಾಕಿಸುತ್ತಾ ಮೈಸೂರು ಸೀಮೆಯಲ್ಲಿ ವರ್ಷಗಟ್ಟಲೆ ಓಡಾಡಿದರು. 1823ರಲ್ಲಿ ಹಿಂತಿರುಗುವ ಹೊತ್ತಿಗೆ, ತಮ್ಮ ಮೂರು ದಶಕಗಳ ದುಡಿಮೆಯಿಂದ ಆದದ್ದು ಅತ್ಯಲ್ಪ ಎಂಬ ತೀರ್ಮಾನಕ್ಕೆ ಬಂದಿದ್ದರು. ಬೆಲೆ ತೆತ್ತೂ ಫಲ ಕಾಣದೆ ಹೋಗುವುದುಂಟು. ಇದನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಜನ ನಮ್ಮನ್ನು ದ್ವೇಷಿಸಿದರೆ ನಾವು ಸರಿಯಾದ ದಾರಿಯಲ್ಲಿದ್ದೇವೆ ಎಂದೇ ಅರ್ಥವೇ?

ಯಾವಾಗಲೂ ಅಲ್ಲ. 1 ಪೇತ್ರ 4:15 ಓದಿ: ಪರಕಾರ್ಯಗಳಲ್ಲಿ ತಲೆಹಾಕಿ ಪೆಟ್ಟು ತಿಂದದ್ದು ಕ್ರಿಸ್ತನ ಪಾಡಲ್ಲ. ರಾತ್ರಿ ಹನ್ನೊಂದರವರೆಗೆ ಧ್ವನಿವರ್ಧಕ ಹಾಕಿ ಪ್ರಾರ್ಥಿಸಿ, ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಗು ಇದೆಯೆಂದು ನೋಡದೆ, ಅವರು ದೂರು ಕೊಟ್ಟರೆ ‘ಹಿಂಸೆ’ ಎನ್ನುವುದು ಸರಿಯಲ್ಲ. ಇನ್ನೊಬ್ಬರ ದೇವರನ್ನು ಹೀಯಾಳಿಸಿ ಬೈಸಿಕೊಂಡದ್ದೂ ಅಷ್ಟೇ.

ಎಲ್ಲ ಬಿಟ್ಟು ಬಂದವರಿಗೆ ಸಭೆಯವರೇ ಆಸರೆಯಾಗದಿದ್ದರೆ?

ಮನೆ, ಅಣ್ಣತಮ್ಮಂದಿರು, ಅಕ್ಕತಂಗಿಯರು, ತಾಯಂದಿರು, ಹೊಲ ಇವೆಲ್ಲ ಈ ಕಾಲದಲ್ಲೇ ಸಿಗುತ್ತವೆ ಎಂದು ಮಾರ್ಕ 10ರಲ್ಲಿ ಯೇಸುಸ್ವಾಮಿ ಮಾತು ಕೊಟ್ಟಿದ್ದಾರೆ. ಆ ಮಾತು ಆಕಾಶದಿಂದ ಈಡೇರುವುದಿಲ್ಲ. ಹೊಸಬರು ಬರುವ ಮೊದಲೇ ನಾವು ಕೇಳಿಕೊಳ್ಳಬೇಕಾದದ್ದು ಬಹಳ ಸರಳ: ಅವರು ಸತ್ತರೆ ಮಣ್ಣು ಮಾಡಲು ಜಾಗ ಎಲ್ಲಿದೆ? ಅವರ ಮಗಳಿಗೆ ನಮ್ಮ ಮನೆಯ ಹುಡುಗನನ್ನು ಕೊಡುತ್ತೇವೆಯೇ, ಜಾತಿ ಕೇಳದೆ?

ಮದ್ದೂರಿನ ಕಡೆಯ ಒಬ್ಬ ತಂಗಿಗೆ ತವರಿನ ಬಾಗಿಲು ಮುಚ್ಚಿ ಎರಡು ವರ್ಷವಾಗಿತ್ತು. ಚೊಚ್ಚಲ ಹೆರಿಗೆ. ಆಸ್ಪತ್ರೆಯಿಂದ ಬಂದ ದಿನ ಬಾಣಂತನ ಮಾಡುವವರು ಯಾರು ಎಂದು ಅವಳ ಗಂಡ ತಲೆ ಬಗ್ಗಿಸಿ ನಿಂತಿದ್ದ. ನಮ್ಮ ಸಭೆಯ ಒಬ್ಬ ವಿಧವೆ, ಅರವತ್ತು ದಾಟಿದವರು, ಒಂದು ಚೀಲದಲ್ಲಿ ಎರಡು ಸೀರೆ, ಹರಳೆಣ್ಣೆ, ಬೆಳ್ಳುಳ್ಳಿ ಕಟ್ಟಿಕೊಂಡು ಹೋಗಿ ಮೂರು ತಿಂಗಳು ಅಲ್ಲೇ ಇದ್ದರು. ಬೆಳಿಗ್ಗೆ ನಾಲ್ಕಕ್ಕೆ ಹಂಡೆಯ ಕೆಳಗೆ ಉರಿ ಹಾಕಿ, ಕಾಲು ನೀಡಿ ಕೂತು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ನೀವಿ ನೀರು ಹಾಕುತ್ತಿದ್ದರು. ಬಾಣಂತಿಯ ಕೂದಲಿಗೆ ಸಾಂಬ್ರಾಣಿಯ ಹೊಗೆ ಹಿಡಿಯುತ್ತಿದ್ದರು. ಊರಿನ ಹೆಂಗಸರು ಬಾಗಿಲಲ್ಲಿ ನಿಂತು ‘ನೀವು ಇವಳಿಗೆ ಏನಾಗಬೇಕು’ ಎಂದು ಕೇಳಿದರೆ ‘ತಾಯಿ’ ಎನ್ನುತ್ತಿದ್ದರು.

ಐದನೇ ತಿಂಗಳಲ್ಲಿ ಹೆತ್ತ ತಾಯಿಯ ಕಡೆಯಿಂದ ಮಗುವಿಗೆ ಒಂದು ಬೆಳ್ಳಿಯ ಉಡಿದಾರ ಬಂತು. ಆ ತಾಯಿ ಮಾತ್ರ ಇನ್ನೂ ಬಂದಿಲ್ಲ.